ಮೊದಲ ಸಾಲು

ಆಗಸ್ಟ್ ೪, ಭಾನುವಾರ

ಇವತ್ತು ಚರ್ಚಿನಲ್ಲಿ ಬಲಿಪೂಜೆಯ ನಡುವೆ ಜನ ಚಪ್ಪಾಳೆ ತಟ್ಟಿದರು. ನಾನು ಗುರುವಾಗಿ ಇಷ್ಟು ವರ್ಷವಾಯಿತು, ಇದೇ ಮೊದಲು.

ಪ್ರಬೋಧನೆಯಲ್ಲಿ ಆಸ್ಪತ್ರೆಯ ವಿಷಯ ತೆಗೆದಿದ್ದೆ. ಈ ಸೀಮೆಗೆ ಇದ್ದದ್ದು ಒಂದೇ ಆಸ್ಪತ್ರೆ. ರಾಜಧಾನಿಯವರು ಅದಕ್ಕೆ ಬೀಗ ಜಡಿದು, ಇನ್ನು ಕೆಳಗಿನ ಪಟ್ಟಣಕ್ಕೆ ಬನ್ನಿ ಎಂದಿದ್ದಾರೆ. ಕಳೆದ ತಿಂಗಳು ಹೆರಿಗೆ ನೋವು ಬಂದವಳೊಬ್ಬಳು ಆ ದಾರಿಯಲ್ಲೇ ತೀರಿಕೊಂಡಳು. ತಾಯಿ ಮಗು ಇಬ್ಬರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದವನು ನಾನು. ಅದನ್ನೇ ಹೇಳಿದೆ. "ನಮ್ಮ ಸೀಮೆಯ ಆಡಳಿತ ನಮ್ಮ ಕೈಯಲ್ಲಿದ್ದಿದ್ದರೆ ಆ ಪೆಟ್ಟಿಗೆ ಬೇಕಾಗುತ್ತಿತ್ತೇ?" ಎಂದು ಕೇಳಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಶುರು ಮಾಡಿದರು. ಆಮೇಲೆ ಇಡೀ ದೇವಾಲಯ. ಪೀಠದ ಮೇಲಿನ ಮೇಣದ ಬತ್ತಿಗಳು ಸಹ ಒಮ್ಮೆ ಬೆಚ್ಚಿದಂತೆ ಕಂಡವು.

ನಾನು ಕೈ ಎತ್ತಿ ತಡೆದೆ. ತಡೆಯುವುದಕ್ಕೆ ಸ್ವಲ್ಪ ತಡ ಮಾಡಿದೆನೋ ಏನೋ.

ಮಧ್ಯಾಹ್ನ ಊಟ ಬಡಿಸುತ್ತಾ ಅಡುಗೆಯ ಅಕ್ಕ ಅಂದಳು: "ಚೆನ್ನಾಗಿತ್ತು ಫಾದರ್. ಮುಂದಿನ ವಾರದಿಂದ ಬಾಗಿಲಲ್ಲಿ ಟಿಕೆಟ್ ಹರಿಯೋಕೆ ನಾನೇ ಕೂತ್ಕೊಳ್ಲಾ?"

"ನಿನಗೆ ಇಷ್ಟವಾಗಲಿಲ್ಲವೇ?"

"ಆಯ್ತು ಆಯ್ತು. ನಾನೂ ತಟ್ಟಿದೆ. ತಟ್ಟಿದ ಮೇಲೆ ಅಂಗೈ ನೋಡ್ಕೊಂಡೆ, ಯಾಕೋ ನಾಚಿಕೆಯಾಯ್ತು. ಇನ್ನೊಂದು ಸ್ವಲ್ಪ ಹಾಕ್ಲಾ?"

ಸಂಜೆ, ಸೀಮೆಗೆ ಸ್ವಂತ ಆಡಳಿತ ಕೇಳುತ್ತಿರುವ ಸೀಮಾ ರಂಗದ ಕಾರ್ಯದರ್ಶಿ ಬಂದಿದ್ದರು. ವೃತ್ತಿಯಿಂದ ವಕೀಲರು, ದೇವರ ವಿಷಯದಲ್ಲಿ ಅಷ್ಟಕ್ಕಷ್ಟೆ. ಬೇರೆ ಬೇರೆ ಗುಂಪುಗಳನ್ನೆಲ್ಲ ಸೇರಿಸಿ ಈ ರಂಗ ಕಟ್ಟಿದವರು ಅವರೇ. ನನ್ನನ್ನು ರಂಗದ ಅಧ್ಯಕ್ಷನಾಗು ಎನ್ನುತ್ತಾರೆ. ಯೋಚಿಸುತ್ತೇನೆ ಎಂದಿದ್ದೇನೆ.

ಮತ್ತೆ ದಿನಚರಿ ಬರೆಯಲು ಕೂತಿದ್ದೇನೆ. ಗುರುವಿಗೆ ಹರಟಲು ಹೆಂಡತಿಯಿಲ್ಲ; ಇಲ್ಲಿಯಾದರೂ ಹರಟಬಹುದು. ಒಂದನ್ನು ಬಿಟ್ಟು. ಪಾಪನಿವೇದನೆಯ ಗೂಡಿನಲ್ಲಿ ಕಿವಿಗೆ ಬಿದ್ದದ್ದು ಕಿವಿಯಲ್ಲೇ ಸಾಯಬೇಕು. ಅದು ಈ ಹಾಳೆಗೂ ಬರಕೂಡದು.

ಆಗಸ್ಟ್ ೯, ಶುಕ್ರವಾರ

ಹಾಸಿಗೆ ಹಿಡಿದವರ ಮನೆಗಳಿಗೆ ಪರಮಪ್ರಸಾದ ತೆಗೆದುಕೊಂಡು ಹೋಗುವ ದಿನ. ಗಿರಣಿ ಹಿಂದಿನ ಅಜ್ಜಿಗೆ ಈಗ ಕಣ್ಣು ಪೂರ್ತಿ ಹೋಗಿದೆ. ನನ್ನ ಹೆಜ್ಜೆ ಕೇಳಿದ ಕೂಡಲೇ ಬಾಯಿ ತೆರೆದು ಕಾಯುತ್ತಾಳೆ, ಮರಿಹಕ್ಕಿಯ ಹಾಗೆ. ಇವತ್ತು ಕೇಳಿದಳು, "ಏನು ಫಾದರ್, ಅವಸರದಲ್ಲಿದ್ದೀರಾ?" ಇಲ್ಲ ಎಂದೆ. "ಹೆಜ್ಜೆ ಬೇರೆ ಥರ ಇದೆ" ಎಂದಳು.

ಅವಸರವಿದ್ದದ್ದು ನಿಜ. ನಮ್ಮ ಬಿಷಪ್, ಧರ್ಮಾಧ್ಯಕ್ಷರು, ಕರೆಸಿದ್ದರು. ಗುರುಮಠದಲ್ಲಿ ಓದುವಾಗ ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗಿದವರು. ಈಗ ಅವನ ಮೇಜು ನನ್ನ ಕೋಣೆಯಷ್ಟಿದೆ.

"ನೋಡಪ್ಪಾ," ಅಂದ, "ಜನರ ಪಕ್ಕ ನಿಂತ್ಕೋ, ಬೇಡ ಅನ್ನಲ್ಲ. ವೇದಿಕೆ ಮೇಲೆ ನಿಲ್ಲಬೇಡ."

"ಪಕ್ಕ ನಿಂತರೆ ನನ್ನ ಮಾತು ಎಷ್ಟು ಜನಕ್ಕೆ ಕೇಳತ್ತೆ?"

"ನೀನು ಯಾವತ್ತಿನಿಂದ ಅದನ್ನ ಲೆಕ್ಕ ಹಾಕೋಕೆ ಶುರು ಮಾಡಿದ್ದು?"

ನಗುತ್ತಲೇ ಕೇಳಿದ. ನಾನೂ ನಕ್ಕೆ. ವಾಪಸು ಬರುವಾಗ ಬಸ್ಸಿನಲ್ಲಿ ಉತ್ತರ ಹೊಳೆಯಿತು: ಪೆಟ್ಟಿಗೆಗಳನ್ನು ಲೆಕ್ಕ ಹಾಕಿದಂದಿನಿಂದ. ಅಲ್ಲೇ ಹೇಳಬೇಕಿತ್ತು. ಒಳ್ಳೆಯ ಮಾತು, ಎಲ್ಲಾದರೂ ಉಪಯೋಗಕ್ಕೆ ಬರುತ್ತದೆ.

ಆಗಸ್ಟ್ ೧೨, ಸೋಮವಾರ

ಅಧ್ಯಕ್ಷನಾಗಲು ಒಪ್ಪಿದೆ. ಮುಂದಿನ ವಾರ, ಬುಧವಾರ, ಜಿಲ್ಲಾ ಕಚೇರಿಗೆ ಜಾಥಾ.

ದೇವಾಲಯದ ಮೆಟ್ಟಿಲು ಸರಿಮಾಡುವ ಕೆಲಸವೂ ಇವತ್ತೇ ಮುಗಿಯಿತು. ಮಾಡಿದವನು ಮೇಸ್ತ್ರಿ, ಊರೆಲ್ಲ ಅವನನ್ನು 'ಮೆಲ್ಲಗೆ' ಎಂದೇ ಕರೆಯುವುದು. ಇಟ್ಟಿಗೆ ಕೊಡುವವನಿಗೆ ಮೆಲ್ಲಗೆ, ಗಾರೆ ಕಲಸುವವನಿಗೆ ಮೆಲ್ಲಗೆ, ಓಡಿ ಬರುವ ಮಕ್ಕಳಿಗೆ ಮೆಲ್ಲಗೆ. ಅವನ ಬಾಯಲ್ಲಿ ಬೇರೆ ಮಾತು ಕೇಳಿದವರು ಕಡಿಮೆ. ಯಾರಾದರೂ ದನಿ ಏರಿಸಿದರೆ ಗೋಡೆ ಕಡೆ ಮುಖ ಮಾಡಿ ನಿಲ್ಲುವ ಪುಕ್ಕಲ. ಅವನಿಗೆ ಮೂರು ಸಲ ಜಪ ಹೇಳು ಎಂದರೆ, ಒಂದು ಎಲ್ಲಿ ತಪ್ಪಿತೋ ಎಂದು ನಾಲ್ಕು ಸಲ ಹೇಳುವ ಪೈಕಿ.

"ಬುಧವಾರ ಬರ್ತೀಯೇನಯ್ಯಾ?" ಎಂದು ಕೇಳಿದೆ.

ಕರಣೆ ತೊಳೆಯುತ್ತಾ, ತಲೆ ಎತ್ತದೆ ಅಂದ: "ಗಲಾಟೆ ಅಂದ್ರೆ ನನಗೆ ಹೊಟ್ಟೆ ಕೆಡತ್ತೆ ಫಾದರ್. ನಾನು ಮನೇಲೇ ನಿಮಗೋಸ್ಕರ ಜಪ ಮಾಡ್ತೀನಿ."

ಪಕ್ಕದಲ್ಲಿದ್ದ ವಕೀಲರು ಗೊಳ್ಳೆಂದು ನಕ್ಕರು. "ಇವನ ಜಪಕ್ಕೆ ಸರ್ಕಾರ ನಡುಗಿಬಿಡತ್ತೆ ಬಿಡಿ."

ನಾನೂ ನಕ್ಕೆ.

ಆಗಸ್ಟ್ ೧೭, ಶನಿವಾರ

ಒಂದು ಹೊಸ ಕ್ರಮ ತಂದಿದ್ದೇನೆ. ಬರೆದಿಡಬೇಕು, ಯಾಕೆಂದರೆ ಇದರ ಬಗ್ಗೆ ನನಗೆ ಸಂತೋಷವಿದೆ.

ಶನಿವಾರ ಸಂಜೆ ಪಾಪನಿವೇದನೆ. ಇಷ್ಟು ವರ್ಷ ಎಲ್ಲರಿಗೂ ಅದೇ ಪ್ರಾಯಶ್ಚಿತ್ತ: ಇಷ್ಟು ನಮೋ ಮರಿಯಾ ಹೇಳು, ಅಷ್ಟು ಜಪ ಮಾಡು. ಜನ ಗೊಣಗಿಕೊಂಡು, ಬಾಗಿಲು ದಾಟುವಷ್ಟರಲ್ಲಿ ಮುಗಿಸಿ, ಹೋದಂತೆಯೇ ವಾಪಸು ಬರುತ್ತಾರೆ. ಇವತ್ತು ಅದನ್ನು ಬಿಟ್ಟೆ. ಗೂಡಿಗೆ ಬಂದ ಪ್ರತಿಯೊಬ್ಬ ಗಂಡಸಿಗೂ ಒಂದೇ ಪ್ರಾಯಶ್ಚಿತ್ತ: ಬುಧವಾರ ಜಾಥಾಕ್ಕೆ ಬಾ. ನೆರೆಯವನ ಕಷ್ಟಕ್ಕೆ ಕಾಲು ಸವೆಸುವುದಕ್ಕಿಂತ ದೊಡ್ಡ ಜಪ ಯಾವುದಿದೆ? ಅದರಲ್ಲೂ ಭಯದಿಂದ ಹುಟ್ಟಿದ ಪಾಪವಾದರೆ, ಮೊದಲ ಸಾಲಲ್ಲಿ ನಿಲ್ಲಬೇಕು. ಭಯಕ್ಕೆ ಅದೇ ಮದ್ದು.

ಯಾರು ಏನು ಹೇಳಿದರೆಂದು ಬರೆಯುತ್ತಿಲ್ಲ. ನನ್ನ ಕ್ರಮವನ್ನಷ್ಟೇ ಬರೆದಿದ್ದೇನೆ. ಇದರಲ್ಲಿ ತಪ್ಪಿಲ್ಲ.

ಸಾಲು ಉದ್ದವಿತ್ತು. ಕೊನೆಗೆ ನಿಂತವನು ಮೆಲ್ಲಗೆ. ಇದನ್ನು ಬರೆಯಬಹುದು, ಇಡೀ ದೇವಾಲಯ ನೋಡಿದೆ. ಎಲ್ಲರಿಗೂ ದಾರಿ ಬಿಟ್ಟು ಬಿಟ್ಟು ಕೊನೆಗುಳಿದಿದ್ದ.

ಆಗಸ್ಟ್ ೨೧, ಬುಧವಾರ

ಮೆಲ್ಲಗೆ ಸತ್ತ.

ಆಗಸ್ಟ್ ೨೨, ಗುರುವಾರ

ಬರೆಯಲು ಪ್ರಯತ್ನಿಸುತ್ತೇನೆ.

ಕಚೇರಿಯ ಮುಂದೆ ಪೊಲೀಸರು ಅಡ್ಡಗಟ್ಟೆ ಹಾಕಿದ್ದರು. ನಾನು ಜೀಪಿನ ಮೇಲೆ ನಿಂತು ಮಾತಾಡುತ್ತಿದ್ದೆ. ಅಲ್ಲಿಂದ ಮೊದಲ ಸಾಲು ಚೆನ್ನಾಗಿ ಕಾಣುತ್ತಿತ್ತು. ಎಲ್ಲ ಎದೆಯುಬ್ಬಿಸಿದ ಹುಡುಗರು. ನಡುವೆ ಅವನು, ಭಾನುವಾರದ ಬಿಳಿ ಅಂಗಿ ಹಾಕಿಕೊಂಡು, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು, ಫೋಟೋ ತೆಗೆಸಿಕೊಳ್ಳುವವನ ಹಾಗೆ. ಘೋಷಣೆ ಕೂಗುತ್ತಿರಲಿಲ್ಲ. ಹಿಂದಿನಿಂದ ಯಾರೋ ಕಲ್ಲು ತೂರಿದರು. ಅಶ್ರುವಾಯು ಸಿಡಿಯಿತು. ಹುಡುಗರು ಚದುರಿದರು. ಓಡುವುದರಲ್ಲಿ ಎಲ್ಲರಿಗಿಂತ ಮುಂದಿರಬೇಕಾದವನು ಓಡಲಿಲ್ಲ. ಕಣ್ಣು ಮುಚ್ಚಿಕೊಂಡು ಅಲ್ಲೇ ನಿಂತಿದ್ದ. ಎರಡನೆಯ ಶೆಲ್ಲು ಅವನ ಎದೆಗೆ ಬಡಿಯಿತು.

ನಾನು ಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಉಸಿರಿತ್ತು. ಆಸ್ಪತ್ರೆ ಕೂಗಳತೆ ದೂರದಲ್ಲಿತ್ತು, ಬೀಗ ಹಾಕಿಕೊಂಡು. ಅವನು ನನ್ನನ್ನು ಗುರುತು ಹಿಡಿದ. "ನಿಂತಿದ್ದೆ ಫಾದರ್," ಅಂದ. "ಸರಿಯಾಗೇ ನಿಂತಿದ್ದೆ." ಸಾಯುವವರಿಗೆ ಹಚ್ಚುವ ಪವಿತ್ರ ಎಣ್ಣೆಯನ್ನು ಹಣೆಗೆ ಹಚ್ಚಿದೆ. ಎಣ್ಣೆ ಅವನ ಹುಬ್ಬಿಗೆ ಇಳಿಯಿತು.

ವಕೀಲರು ಪಕ್ಕದಲ್ಲೇ ಇದ್ದರು. ಅವರಿಗೂ ಆ ಮಾತು ಕೇಳಿಸಿತು.

ಆಗಸ್ಟ್ ೨೩, ಶುಕ್ರವಾರ

ಮಣ್ಣು ಮಾಡಿದೆವು. ಈ ಊರು ಅಷ್ಟು ಜನರನ್ನು ಎಂದೂ ಕಂಡಿರಲಿಲ್ಲ. ಸ್ಮಶಾನದ ಗೋಡೆಯ ಮೇಲೆ ಆಗಲೇ ಪೋಸ್ಟರು. ಅವನ ಮುಖ, ಕೆಳಗೆ ದಪ್ಪ ಅಕ್ಷರದಲ್ಲಿ: "ನಿಂತಿದ್ದೆ." ವಕೀಲರು ಕೆಲಸದಲ್ಲಿ ಚುರುಕು.

ಅವನ ಹೆಂಡತಿ ಹೊಲಿಗೆ ಕೆಲಸದವಳು. ಅಳಲಿಲ್ಲ. ಗುಂಡಿಗೆ ಮಣ್ಣು ಹಾಕಿ, ಕೈ ಒರೆಸಿಕೊಂಡು, ನನ್ನ ಹತ್ತಿರ ಬಂದು ಕೇಳಿದಳು: "ಫಾದರ್, ಇವರು ಯಾಕೆ ಮುಂದೆ ಹೋಗಿ ನಿಂತ್ರು? ಪಟಾಕಿ ಸದ್ದಿಗೆ ಮಂಚದ ಕೆಳಗೆ ಹೋಗೋರು."

ದೇವರ ಚಿತ್ತ ಎಂದೆ.

ಶುಕ್ರವಾರದ ಮನೆಗಳಿಗೆ ಹೋಗಲಾಗಲಿಲ್ಲ.

ಆಗಸ್ಟ್ ೨೪, ಶನಿವಾರ

ಅವನು ಗೂಡಿನ ಮುಂದೆ ಮಂಡಿಯೂರಿದ್ದನ್ನು ಇಡೀ ಸಾಲು ನೋಡಿತ್ತು. ಅಡ್ಡಗಟ್ಟೆಯ ಮುಂದೆ ನಿಂತಿದ್ದನ್ನು ಇಡೀ ಊರು ನೋಡಿತು. ಎರಡರ ನಡುವೆ ಏನಿತ್ತೆಂದು ಬಲ್ಲವನು ನಾನೊಬ್ಬನೇ. ನಾನು ಹೇಳುವಂತಿಲ್ಲ. ಹೆಂಡತಿ ಕೇಳಿದರೂ, ನ್ಯಾಯಾಲಯ ಕೇಳಿದರೂ, ಇಲ್ಲಿಯೂ.

ಸಂಜೆ ಗೂಡಿನಲ್ಲಿ ಕೂತೆ. ಬಂದವರಿಗೆಲ್ಲ ಮೂರು ನಮೋ ಮರಿಯಾ ಕೊಟ್ಟೆ.

ಆಗಸ್ಟ್ ೨೯, ಗುರುವಾರ

ನನ್ನ ಪಾಪವನ್ನು ನಾನೂ ನಿವೇದಿಸಬೇಕು. ಕೆಳಗಿನ ಪಟ್ಟಣದಲ್ಲಿ ಒಬ್ಬ ಮುದಿ ಗುರುಗಳಿದ್ದಾರೆ. ಕಿವಿ ಮಂದ, ಹೃದಯ ಚುರುಕು. ಮೆಲ್ಲಗೆಯ ಗುಟ್ಟು ಒಡೆಯದೆ ನನ್ನ ತಪ್ಪನ್ನಷ್ಟೇ ಹೇಳಬಹುದು. ಇವತ್ತು ಹೋಗಬೇಕೆಂದಿದ್ದೆ. ರಂಗದ ಸಭೆ ಬಂತು. ಮುಂದಿನ ವಾರ.

ಸೆಪ್ಟೆಂಬರ್ ೨, ಸೋಮವಾರ

ಮೆಲ್ಲಗೆಯ ಮನೆಗೆ ಹೋಗಿದ್ದೆ. ಎರಡೇ ಕೋಣೆ. ಮುಂದಿನದರಲ್ಲಿ ಹೊಲಿಗೆ ಯಂತ್ರ, ಕತ್ತರಿಸಿದ ಬಟ್ಟೆಯ ರಾಶಿ. ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿದಳು, ಮುಂದಿನ ಕೋಣೆಗೆ ಗಿರಾಕಿಗಳು ಬರುತ್ತಾರೆಂದು. ಚಹಾ ಕೊಟ್ಟಳು. ಗೋಡೆಗೆ ಒರಗಿ ನಿಂತೇ ಮಾತಾಡಿದಳು.

"ಒಂದು ಹೇಳ್ಲಾ ಫಾದರ್? ಯಾರಿಗೂ ಹೇಳಿಲ್ಲ. ಅವತ್ತು ಬೆಳಗ್ಗೆ ಸುಮ್ನೆ ಕೂತಿದ್ರು. ಬಿಳಿ ಅಂಗಿ ಹಾಕ್ಕೊಂಡು, ಹೋಗ್ಲಾ ಬೇಡ್ವಾ ಅಂತ. ನನಗೆ ಸಿಟ್ಟು ಬಂತು. ಬೀದಿಲಿ ಗಂಡಸ್ರೆಲ್ಲ ಹೊರಟಿದ್ದಾರೆ, ಹೋಗೋದಾದ್ರೆ ಹೋಗಿ, ಇಲ್ಲಾಂದ್ರೆ ನನ್ನ ಸೀರೆ ಉಟ್ಕೊಂಡು ಮೂಲೇಲಿ ಕೂತ್ಕೊಳ್ಳಿ ಅಂದುಬಿಟ್ಟೆ. ಹೇಡಿ ಅಂದೆ. ತಟ್ಟೆಗೆ ಬಡಿಸ್ತಾ ಅಂದೆ. ಅರ್ಧ ತಿಂದು ಎದ್ದು ಹೋದ್ರು."

ನಾನು ಲೋಟ ಕೆಳಗಿಟ್ಟೆ.

"ಆ ಮಾತು ಅವರನ್ನ ಮುಂದಕ್ಕೆ ತಳ್ತು ಫಾದರ್. ಪೊಲೀಸರಲ್ಲ, ನಾನೇ."

"ಹಾಗಲ್ಲಮ್ಮ. ನಿನ್ನ ಮಾತಿನಿಂದ ಅಲ್ಲ."

"ನಿಮಗೆ ಹೇಗೆ ಗೊತ್ತು?"

ಕೇಳಿದ ರೀತಿಯಲ್ಲಿ ಜಗಳವಿರಲಿಲ್ಲ. ಆಸೆಯಿತ್ತು. ಮುಳುಗುವವರು ದಡದ ಕಡೆ ನೋಡುತ್ತಾರಲ್ಲ, ಹಾಗೆ ನೋಡಿದಳು. ನನ್ನ ಬಾಯಲ್ಲಿದ್ದ ಒಂದೇ ವಾಕ್ಯ ಅವಳನ್ನು ಎತ್ತಬಹುದಿತ್ತು.

"ನನಗೆ ಹಾಗನ್ನಿಸುತ್ತದೆ," ಎಂದೆ.

"ಓ," ಎಂದಳು. ಲೋಟ ತೆಗೆದುಕೊಂಡು ಹೋಗಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

ಸೆಪ್ಟೆಂಬರ್ ೫, ಗುರುವಾರ

ಒಂದು ಯೋಚನೆ ಮೂರು ದಿನದಿಂದ ಕಾಡುತ್ತಿದೆ. ಗುಟ್ಟು ಒಡೆಯದೆಯೂ ಅವಳಿಗೆ ಹೇಳಬಹುದಾದದ್ದು ಒಂದಿದೆ: "ಜಾಥಾ ಕರೆದವನು ನಾನು, ಗಂಡಸರೆಲ್ಲ ಮುಂದೆ ಬರಬೇಕೆಂದು ಒತ್ತಾಯಿಸಿದವನು ನಾನು, ಹೊಣೆ ನನ್ನದು." ಇದರಲ್ಲಿ ಗೂಡಿನ ಮಾತೇನೂ ಇಲ್ಲ. ಇದನ್ನು ಜೀಪಿನ ಮೇಲೆ ನಿಂತು ಸಾರಿದರೂ ದೋಷವಿಲ್ಲ.

ವಕೀಲರಿಗೆ ಅಂದೆ. ಅವರು ಕುರ್ಚಿಯಿಂದ ಎದ್ದೇಬಿಟ್ಟರು. "ಫಾದರ್, ನಿಮ್ಮ ಕಾಲಿಗೆ ಬೀಳ್ತೀನಿ. ಹೊಣೆ ನಿಮ್ಮದು ಅಂತ ನೀವೇ ಅಂದ್ರೆ ನಾಳೆನೇ ನಿಮ್ಮ ಮೇಲೆ ಕೇಸು ಜಡೀತಾರೆ. ರಂಗ ಮಣ್ಣು ಮುಕ್ಕತ್ತೆ. ಆಸ್ಪತ್ರೆ ಬೇಕೋ ಬೇಡ್ವೋ ನಿಮಗೆ?"

ಬೇಕು. ಇನ್ನೊಂದು ಪೆಟ್ಟಿಗೆ ಬೇಡ. ಒಬ್ಬಳ ಸಮಾಧಾನವನ್ನು ಸೀಮೆಯ ಹಿತದೊಂದಿಗೆ ತೂಗಬೇಕಾಗುತ್ತದೆ. ಕಠಿಣ, ಆದರೆ ತೂಗಲೇಬೇಕು.

ಸೆಪ್ಟೆಂಬರ್ ೧೦, ಮಂಗಳವಾರ

ಚುನಾವಣೆ ಘೋಷಣೆಯಾಯಿತು. ನಾನೇ ನಿಲ್ಲಬೇಕು ಎಂದು ಕಾರ್ಯಸಮಿತಿ ಒಮ್ಮತದಿಂದ ಹೇಳಿದೆ. ಕೆಳಗಿನ ಮೂರು ಹಳ್ಳಿಗಳಲ್ಲಿ ನಾವು ಇನ್ನೂ ದುರ್ಬಲ. ಹೆಂಗಸರ ಒಲವು ನಮ್ಮ ಕಡೆ ಇಲ್ಲ. ನಮ್ಮ ಗಂಡಸರನ್ನು ಕೊಲ್ಲಿಸುವ ರಂಗ ಎನ್ನುತ್ತಾರಂತೆ.

ವಕೀಲರು ಕೇಳಿದರು, "ಮೆಲ್ಲಗೆ ಹೆಂಡತಿ ಮಾತಾಡ್ತಾಳಾ? ಆ ದಿನದ ಬಗ್ಗೆ ಏನಾದ್ರೂ ಹೇಳಿದ್ದಾಳಾ ನಿಮ್ಮ ಹತ್ರ?"

ಒಂದು ಕ್ಷಣ ಯೋಚಿಸಿದೆ. ಅವಳು ಹೇಳಿದ್ದು ಗೂಡಿನಲ್ಲಲ್ಲ. ಅಡುಗೆಮನೆಯಲ್ಲಿ, ಚಹಾ ಕೊಡುತ್ತಾ ಆಡಿದ ಮಾತು. ಅದಕ್ಕೆ ಪಾಪನಿವೇದನೆಯ ಗುಟ್ಟಿನ ಮುದ್ರೆಯಿಲ್ಲ. ಹೇಳಿದೆ.

ವಕೀಲರು ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲನೆ ಅಂದರು, "ಅಂದ್ರೆ ಅವಳೇ ಕಳಿಸಿದ್ದು."

"ಹಾಗಂತ ಅಲ್ಲ..."

"ಗಂಡನನ್ನ ತಾನೇ ಮುಂದಿನ ಸಾಲಿಗೆ ಕಳಿಸಿದ ಹೆಂಗಸು. ಫಾದರ್, ಆ ಮೂರು ಹಳ್ಳಿಗೆ ಇದಕ್ಕಿಂತ ಇನ್ನೇನು ಬೇಕು?"

ಅವಳಿಗೂ ಒಳ್ಳೆಯದಾಗಬಹುದು. ತನ್ನನ್ನು ಕೊಲ್ಲುತ್ತಿರುವ ಮಾತನ್ನೇ ಜನ ಗೌರವದಿಂದ ಕೇಳಿದರೆ ಅದರ ಮೊನೆ ಮುರಿಯುತ್ತದೆ. ಮನಸ್ಸಿನ ವೈದ್ಯರೂ ಇಂಥದ್ದನ್ನೇ ಮಾಡುತ್ತಾರೆಂದು ಎಲ್ಲೋ ಓದಿದ ನೆನಪು.

ಸೆಪ್ಟೆಂಬರ್ ೧೪, ಶನಿವಾರ

ಧರ್ಮಾಧ್ಯಕ್ಷರ ಆದೇಶ ಬಂತು. ಗುರುವಾದವನು ಚುನಾವಣೆಗೆ ನಿಲ್ಲುವಂತಿಲ್ಲ. ನಿಂತರೆ ಬಲಿಪೂಜೆ ಅರ್ಪಿಸುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ. ನಾಮಪತ್ರ ಸಲ್ಲಿಸಿ ಬಂದೆ. ಬೇಸರವಾಗುತ್ತದೆಂದು ಎಣಿಸಿದ್ದೆ, ಭುಜದ ಮೇಲಿಂದ ಏನೋ ಇಳಿದಂತಾಯಿತು. ಶನಿವಾರದ ಸಂಜೆಗಳು ಇನ್ನು ಖಾಲಿ. ವಕೀಲರು ಆ ಹೊತ್ತಿಗೆ ಆಗಲೇ ಸಭೆಗಳನ್ನು ಇಟ್ಟಿದ್ದಾರೆ.

ಗಿರಣಿ ಹಿಂದಿನ ಅಜ್ಜಿ ತೀರಿಕೊಂಡಳಂತೆ, ಬುಧವಾರ. ಅಡುಗೆಯ ಅಕ್ಕ ಹೇಳಿದಳು.

"ನನಗೆ ಯಾರೂ ಹೇಳಲೇ ಇಲ್ಲವಲ್ಲ!"

"ಹೇಳಿ ಕಳಿಸಿದ್ರು ಫಾದರ್. ನೀವು ಸಭೇಲಿದ್ರಿ. ಸಭೆ ಮುಗಿದ ಮೇಲೆ ನಾನೇ ಇನ್ನೊಂದು ಸಲ ಹೇಳಿದೆ. 'ಎಷ್ಟು ಮತ ಇದೆ ಆ ಮನೇಲಿ' ಅಂದ್ರಿ."

ತಮಾಷೆಗೆ ಅಂದಿರಬೇಕು. ನೆನಪಿಲ್ಲ. ಈ ಹೆಂಗಸಿನ ನಾಲಿಗೆ ಈಚೆಗೆ ಬಹಳ ಉದ್ದವಾಗಿದೆ.

ಸೆಪ್ಟೆಂಬರ್ ೧೮, ಬುಧವಾರ

ಮೆಲ್ಲಗೆಯ ಹೆಂಡತಿ ಒಪ್ಪಿದಳು. ವಕೀಲರು ಹೋಗಿ ಕೇಳಿದಾಗ ಆಗಲ್ಲ ಎಂದಿದ್ದಳಂತೆ. ನಾನು ಹೋಗಿ ಕೇಳಿದೆ.

"ಜನರ ಮುಂದೆ ಆ ಮಾತು ಹೇಳಬೇಕಾ ಫಾದರ್?"

"ಬೈದದ್ದು ಹೇಳಬೇಡಮ್ಮ. 'ನಾನೇ ಕಳಿಸಿದೆ' ಅಂದರೆ ಸಾಕು."

"ಹೇಳಿದ್ರೆ ಕಡಿಮೆಯಾಗತ್ತಾ?"

"ಆಗುತ್ತದೆ," ಎಂದೆ.

"ನೀವು ಹೇಳಿದ್ರೆ ಹೇಳ್ತೀನಿ." ಯಂತ್ರದ ಮೇಲೆ ಅರ್ಧ ಹೊಲಿದ ಅಂಗಿಯೊಂದಿತ್ತು. ಕೂತು ಮತ್ತೆ ಹೊಲಿಯತೊಡಗಿದಳು.

ಸೆಪ್ಟೆಂಬರ್ ೨೨, ಭಾನುವಾರ

ಇವತ್ತಿನದು ಇದುವರೆಗಿನ ಸಭೆಗಳಲ್ಲೇ ದೊಡ್ಡದು. ಮೈದಾನ ತುಂಬಿ, ಪಕ್ಕದ ಶಾಲೆಯ ಛಾವಣಿಯ ಮೇಲೂ ಜನ. ಕೆಳಗಿನ ಮೂರು ಹಳ್ಳಿಯ ಹೆಂಗಸರು ಲಾರಿಗಳಲ್ಲಿ ಬಂದು ಮುಂದೆ ಕೂತಿದ್ದರು. ನಿಲುವಂಗಿ ಬಿಟ್ಟು ಅಂಗಿ ಪ್ಯಾಂಟಿನಲ್ಲಿ ಮೊದಲ ಸಲ ವೇದಿಕೆ ಏರಿದೆ. ಯಾರಿಗೂ ವಿಚಿತ್ರ ಅನ್ನಿಸಿದಂತೆ ಕಾಣಲಿಲ್ಲ.

ಅವಳನ್ನು ನನಗಿಂತ ಮುಂಚೆ ಮಾತಾಡಲು ಬಿಟ್ಟಿದ್ದರು. ವಕೀಲರು ಹೇಳಿಕೊಟ್ಟದ್ದು ಮೂರೇ ವಾಕ್ಯ. ಮೈಕಿನ ಹತ್ತಿರ ಬಂದಳು. "ನನ್ನ ಗಂಡನನ್ನ ಮುಂದಿನ ಸಾಲಿಗೆ ಕಳಿಸಿದ್ದು ನಾನೇ," ಎಂದಳು. ಸಿಡಿಲು ಬಿದ್ದಂತೆ ಚಪ್ಪಾಳೆ. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು; ಆಮೇಲೆ ಮತ್ತೆ ಮುಂದೆ ಬಂದಳು. "ನಾನೇ ಕಳಿಸಿದ್ದು. ಹೇಡಿ ಅಂದೆ. ಊಟಕ್ಕೆ ಕೂತೋರನ್ನ ಎಬ್ಬಿಸಿದೆ." ಮತ್ತೆ ಚಪ್ಪಾಳೆ. ಹುಡುಗರು ಎದ್ದು ನಿಂತು ಜೈಕಾರ ಹಾಕತೊಡಗಿದರು. ಅವಳಿಗೆ ನಿಲ್ಲಿಸಲಾಗಲಿಲ್ಲ. "ನಾನೇ ಕೊಂದೆ," ಎಂದಳು, "ಕೇಳ್ತಿದ್ದೀರಾ, ನಾನು ಕೊಂದೆ ಅವರನ್ನ." ಆ ಗದ್ದಲದಲ್ಲಿ ಮುಂದೆ ಕೂತಿದ್ದ ಹೆಂಗಸರಿಗೆ ಮಾತ್ರ ಅದು ಸರಿಯಾಗಿ ಕೇಳಿಸಿರಬೇಕು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಉಳಿದವರು ಕೂಗುತ್ತಲೇ ಇದ್ದರು.

ಆಗ ನನ್ನ ಕಡೆ ತಿರುಗಿದಳು. ಮೈಕು ಕೈಯಲ್ಲೇ ಇತ್ತು. "ಫಾದರ್, ನನ್ನಿಂದ ಅಲ್ಲ ಅಂದಿದ್ರಲ್ಲ. ಯಾರಿಂದ ಅಂತ ನೀವಾದ್ರೂ ಹೇಳಿ."

ಮೈದಾನ ಸದ್ದಡಗಿತು. ನಾನು ಎದ್ದೆ. ಯಾರೂ ನನ್ನನ್ನು ತಡೆಯಲಿಲ್ಲ. ವಕೀಲರು ನೋಡುತ್ತಿದ್ದರು, ಅಷ್ಟೆ. ಅವಳ ಕೈಯಿಂದ ಮೈಕು ತೆಗೆದುಕೊಂಡೆ. "ಹೊಣೆ ನನ್ನದು" ಎಂಬ ಎರಡು ಪದ ನಾಲಿಗೆಯ ಮೇಲೆ ಇದ್ದವು. ಅವುಗಳ ರುಚಿ ಸಹ ಗೊತ್ತಾಯಿತು.

"ಇಂಥ ಹೆಣ್ಣುಮಕ್ಕಳು ಇರುವ ಸೀಮೆಯನ್ನು," ಎಂದೆ, "ಯಾವ ರಾಜಧಾನಿ ಸೋಲಿಸಬಲ್ಲದು?"

ಹೇಗೆ ಹೊಳೆಯಿತೋ ಗೊತ್ತಿಲ್ಲ. ಜನ ಹುಚ್ಚೆದ್ದು ಕೂಗಿದರು. ಅದೊಂದು ವಾಕ್ಯಕ್ಕೆ ಮೂರೂ ಹಳ್ಳಿಗಳು ನಮ್ಮ ಕಡೆ ಬಂದವು ಎಂದು ವಕೀಲರು ಹೇಳುತ್ತಾರೆ. ಅವರ ಅಂದಾಜು ತಪ್ಪುವುದು ಕಡಿಮೆ.

ಅವಳು ಎರಡು ಕೈ ಜೋಡಿಸಿ, ತಲೆ ಬಗ್ಗಿಸಿ, ನನ್ನ ಪಕ್ಕದಲ್ಲಿ ನಿಂತಿದ್ದಳು. ನನ್ನ ಭಾಷಣ ಮುಗಿಯುವವರೆಗೂ ಹಾಗೇ ಇದ್ದಳಂತೆ. ನಾನು ಆ ಕಡೆ ನೋಡಲಿಲ್ಲ. ಆಮೇಲೆ ಇಬ್ಬರು ಹೆಂಗಸರು ಮೊಳಕೈ ಹಿಡಿದು ಕೆಳಗಿಳಿಸಿದರು. ಮೆಟ್ಟಿಲ ಹತ್ತಿರ ಅವಳು, "ಫಾದರ್ ಏನಂದ್ರು? ಏನಂದ್ರು ಫಾದರ್?" ಎಂದು ಕೇಳುತ್ತಿದ್ದಳಂತೆ. ಸದ್ದಿಗೆ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಗಂಟಲು ಕಟ್ಟಿದೆ. ಬಿಸಿನೀರು ಕೇಳಲೆಂದು ಅಡುಗೆಮನೆಗೆ ಹೋದರೆ ಅಕ್ಕ ಇರಲಿಲ್ಲ. ಮಧ್ಯಾಹ್ನವೇ ಹೋದಳಂತೆ, ಹೊಲಿಗೆಯವಳ ಮನೆಗೆ, ತನ್ನ ಬಟ್ಟೆಬರೆಯ ಗಂಟೂ ತೆಗೆದುಕೊಂಡು. ನಾನೇ ಒಲೆ ಹಚ್ಚಿದೆ. ನಾಳೆ ಬೆಳಗ್ಗೆ ಜೀಪು ಬೇಗ ಬರುತ್ತದೆ.